ವಾಲ್ವ್ ತೆರೆಯುವ ಹೊತ್ತು

ನಮ್ಮ ಸೋದರಮಾವನ ಕಾರಿನ ನಂಬರು ಕೆಎ-36ರಿಂದ ಶುರುವಾಗುತ್ತದೆ. ಕುಷ್ಟಗಿಯ ಹುಡುಗರು ಅದನ್ನು ನೋಡಿ 'ರಾಯಚೂರು ಗಾಡಿ' ಅನ್ನುತ್ತಾರೆ. ಆದರೆ ಕಾರು ಹುಟ್ಟಾ ಕುಷ್ಟಗಿಯದೇ. ಮಾಮಾ ಅದನ್ನು ಕೊಂಡದ್ದು 1996ರಲ್ಲಿ, ಆಗ ಕೊಪ್ಪಳ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ರಾಯಚೂರು ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಮರುವರ್ಷ ಆಗಸ್ಟ್‌ನಲ್ಲಿ ಅವನ್ನು ಬೇರ್ಪಡಿಸಿ ಹೊಸ ಜಿಲ್ಲೆ ಮಾಡಿದರು. ಹೊಸ ಗಾಡಿಗಳಿಗೆ ಕೆಎ-37 ಬಂತು. ಮಾಮಾನ ಬಿಳಿ ಎಸ್ಟೀಮ್ ಮಾತ್ರ ಹಳೆಯ ಜಿಲ್ಲೆಯ ಗುರುತನ್ನು ಹಣೆಗೆ ಹಚ್ಚಿಕೊಂಡೇ ಓಡಾಡಿತು. ನಾನು ಕಾಲೇಜಿನಲ್ಲಿ ಜಿಲ್ಲೆಗಳ ಪುನರ್ವಿಂಗಡಣೆಯ ಪಾಠ ಮಾಡುವಾಗಲೆಲ್ಲ ಆ ನಂಬರ್ ಪ್ಲೇಟು ಕಣ್ಣ ಮುಂದೆ ಬರುತ್ತದೆ.

ಅಡತ್ ಅಂಗಡಿಯ ದುಡಿಮೆಯಲ್ಲಿ ಕೊಂಡ ಕಾರು ಅದು. ಮೊದಲ ಹತ್ತು ವರ್ಷ ನಮ್ಮ ಓಣಿಯ ಅರ್ಧ ಆಸ್ಪತ್ರೆ ಓಡಾಟ ಅದರಲ್ಲೇ ಆಯಿತು. ರಾತ್ರಿ ಎರಡಕ್ಕೆ ಬಾಗಿಲು ಬಡಿದರೂ ಮಾಮಾ ಲುಂಗಿಯಲ್ಲೇ ಎದ್ದು ಬಾಗಲಕೋಟೆಗೋ ಹುಬ್ಬಳ್ಳಿಗೋ ಹೊರಡುತ್ತಿದ್ದ. ಇಬ್ಬರು ಮಕ್ಕಳು ಅದರ ಹಿಂದಿನ ಸೀಟಿನಲ್ಲೇ ಹುಟ್ಟಿದ್ದಾರೆ. ಅವರಲ್ಲೊಬ್ಬನಿಗೆ ಈಗ ಮದುವೆಯಾಗಿದೆ. ಹೀಗಾಗಿ ಬೆಂಗಳೂರಿನಲ್ಲಿರುವ ಮಗ "ಅಪ್ಪಾ, ಇದನ್ನ ಗುಜರಿಗೆ ಕೊಟ್ಟು ಬಿಡೂಣು" ಅಂದಾಗ ಮಾಮಾ ಎರಡು ದಿನ ಅವನ ಫೋನು ಎತ್ತಲಿಲ್ಲ. ಮೂರನೆಯ ದಿನ ಮಗ ಬೇರೆ ದಾರಿ ಹಿಡಿದ. "ಹೋಗ್ಲಿ, ಗಾಡಿ ಇರ್ಲಿ. ಇಂಜನ್ ಬದಲಿ ಮಾಡೂಣು. ಸ್ವಿಫ್ಟಿನ ವಿವಿಟಿ ಇಂಜನ್ ಹಾಕಿಸಿದ್ರ ಹೊಸಾ ಗಾಡಿ ಆದಂಗ."

ಆಮೇಲೆ ಮಾಮಾನ ಫೋನು ನನಗೆ ಬಂತು. "ತಮ್ಮಾ, ನೀ ಇತಿಹಾಸ ಕಲಸಾಂವ. ಹಳೇ ಸಾಮಾನಿನ ಬಗ್ಗೆ ನಿನಗ ತಿಳೀತೈತಿ. ಈ ವಿವಿಟಿ ಅಂದ್ರ ಏನಪಾ? ಹಾಕಿಸ್ಲೋ ಬ್ಯಾಡೋ ನೀನ ಹೇಳು."

ಇತಿಹಾಸ ಕಲಿಸುವವನಿಗೂ ಎಂಜಿನ್ನಿಗೂ ಏನು ಸಂಬಂಧ ಎಂದು ನಗಬಹುದಿತ್ತು. ನಗಲಿಲ್ಲ. ಕಾರಿಗೆ ಆಗಿದ್ದ ತೊಂದರೆ ನನಗೂ ಗೊತ್ತಿತ್ತು. ಹಲವು ವರ್ಷಗಳಿಂದ ಅದು ಎಳೆಯುತ್ತಿರಲಿಲ್ಲ. ಎರಡನೇ ಗೇರಿನಲ್ಲಿ ಏರು ಹತ್ತುವಾಗ ಮುದುಕನಂತೆ ತೇಕುತ್ತಿತ್ತು. ಬೆಳಗ್ಗೆ ಚಾಲೂ ಮಾಡಿದರೆ ನೀಲಿ ಹೊಗೆ. ವಯಸ್ಸಾಯಿತು ಎಂದೇ ಎಲ್ಲರೂ ಅಂದುಕೊಂಡಿದ್ದೆವು.

ಒಂದು ಭಾನುವಾರ ತಾವರಗೇರಾ, ಕನಕಗಿರಿ ದಾಟಿ ಗಂಗಾವತಿಗೆ ಹೋದೆವು. ಅಲ್ಲಿ ನಮಗೆ ಪರಿಚಯದ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ, ಎಲ್ಲರೂ ಉಸ್ತಾದರೆಂದೇ ಕರೆಯುತ್ತಾರೆ. ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯತೊಡಗಿದ ಮೇಲೆ ಗಂಗಾವತಿಗೆ ಭತ್ತ ಬಂತು, ಭತ್ತದ ಹಿಂದೆ ಅಕ್ಕಿ ಗಿರಣಿಗಳು, ಕ್ಯಾಂಪುಗಳು, ಟ್ರ್ಯಾಕ್ಟರುಗಳು, ಅವುಗಳ ಹಿಂದೆ ಗ್ಯಾರೇಜುಗಳು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಲೇತ್ ಮಷಿನ್ನಿನ ಕೆಲಸ ಬೇಕಾದರೆ ಜನ ಗಂಗಾವತಿಗೇ ಹೋಗುವುದು ಅದಕ್ಕೇ. ಎಸ್ಟೀಮಿನ ಬಾನೆಟ್ ಎತ್ತಿದ ಉಸ್ತಾದರು ಮೊದಲು ಕಿವಿಗೊಟ್ಟು ಕೇಳಿದರು, ಆಮೇಲೆ ಮಾತಾಡಿದರು. "ವಿವಿಟಿ ಇದಕ್ಕ ಸಿಕ್ಕಿಸೂ ಸಾಮಾನಲ್ಲ ಸರ್. ಅದು ಬ್ಯಾರೆ ಇಂಜನ್ನ."

ಯಾಕೆ ಸಿಕ್ಕಿಸಲಾಗದು ಎಂದು ತಿಳಿಯಬೇಕಾದರೆ ವಾಲ್ವಿನ ಕೆಲಸ ತಿಳಿಯಬೇಕು. ಎಂಜಿನ್ ಉಸಿರಾಡುತ್ತದೆ. ಪಿಸ್ಟನ್ ಕೆಳಗಿಳಿಯುವಾಗ ಒಳವಾಲ್ವ್ ತೆರೆದು ಗಾಳಿ-ಪೆಟ್ರೋಲ್ ಒಳಗೆ ಬರುತ್ತದೆ. ಉರಿದ ಮೇಲೆ ಹೊರವಾಲ್ವ್ ತೆರೆದು ಹೊಗೆ ಆಚೆ ಹೋಗುತ್ತದೆ. ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಹೇಳುವುದು ಕ್ಯಾಮ್‌ಶಾಫ್ಟ್. ಅದರ ಮೇಲಿನ ಮೊಟ್ಟೆಯಾಕಾರದ ಉಬ್ಬು ತಿರುಗಿ ಬಂದು ವಾಲ್ವನ್ನು ಒತ್ತುತ್ತದೆ. ಉಬ್ಬು ಉಕ್ಕಿನದು, ಅದರ ಆಕಾರ ಬದಲಾಗದು. ಸುಮ್ಮನೆ ನಿಂತು ಗುರುಗುಡುವ ಎಂಜಿನ್ನಿನಲ್ಲಿ ಒಳವಾಲ್ವ್ ಸುಮಾರು ಒಂದು ಸೆಕೆಂಡಿನ 20ನೇ ಒಂದು ಭಾಗದಷ್ಟು ಹೊತ್ತು ತೆರೆದಿರುತ್ತದೆ. ಅದೇ ಎಂಜಿನ್ ನಿಮಿಷಕ್ಕೆ 6,000 ಸುತ್ತು ಸುತ್ತಿದರೆ ಆ ಹೊತ್ತು 150ನೇ ಒಂದು ಭಾಗಕ್ಕೆ ಇಳಿಯುತ್ತದೆ. ಗಾಳಿಗೂ ತೂಕವಿದೆ, ಓಟವಿದೆ. ವೇಗದಲ್ಲಿ ನುಗ್ಗುತ್ತಿರುವ ಗಾಳಿ ಪಿಸ್ಟನ್ ಮತ್ತೆ ಮೇಲೇರಲು ಶುರು ಮಾಡಿದ ಮೇಲೂ ಒಳಗೆ ಬರುತ್ತಲೇ ಇರುತ್ತದೆ, ಆಗ ವಾಲ್ವ್ ಸ್ವಲ್ಪ ತಡವಾಗಿ ಮುಚ್ಚಿದರೆ ಲಾಭ. ನಿಧಾನ ಓಡುವಾಗ ಹಾಗೆ ತಡ ಮಾಡಿದರೆ ಬಂದ ಗಾಳಿಯನ್ನು ಪಿಸ್ಟನ್ನೇ ಆಚೆ ತಳ್ಳುತ್ತದೆ.

ಗವಿಮಠದ ಜಾತ್ರೆಯ ದಿನ ಕೊಪ್ಪಳ ಬಸ್ ನಿಲ್ದಾಣದಲ್ಲಿ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜನ ನುಗ್ಗುತ್ತಿದ್ದರೆ ಕಂಡಕ್ಟರ್ ಬಾಗಿಲನ್ನು ಇನ್ನೊಂದು ಗಳಿಗೆ ಬಿಡುತ್ತಾನೆ, ಇನ್ನೂ ಹತ್ತು ಜನ ತೂರಿಕೊಳ್ಳುತ್ತಾರೆ. ಮಧ್ಯಾಹ್ನದ ಖಾಲಿ ಬಸ್ಸಿನಲ್ಲಿ ಹಾಗೇ ಬಿಟ್ಟರೆ ಕೂತವರೂ ಎಲೆಯಡಿಕೆಗೆಂದು ಇಳಿದು ಹೋಗುತ್ತಾರೆ. ಹಳೆಯ ಕ್ಯಾಮ್‌ಶಾಫ್ಟ್ ಜನರನ್ನು ನೋಡದ ಕಂಡಕ್ಟರ್. ಜಾತ್ರೆಯಿರಲಿ, ಅಮಾವಾಸ್ಯೆಯಿರಲಿ, ಹತ್ತು ಎಣಿಸಿ ಬಾಗಿಲು ಹಾಕುತ್ತಾನೆ. ವಿವಿಟಿ ಎಂಬುದು ಹೊರಗೆ ಇಣುಕಿ ನೋಡಿ 'ರೈಟ್' ಹೇಳುವವನು.

ಯಲಬುರ್ಗಾ ಕಡೆಯ ಬಾವಿಗಳ ಮೇಲೆ, ಹಳ್ಳಿಯ ಹಿಟ್ಟಿನ ಗಿರಣಿಗಳಲ್ಲಿ ಟುಕು ಟುಕು ಎನ್ನುತ್ತಿದ್ದ ಆಯಿಲ್ ಎಂಜಿನ್ನುಗಳಿಗೆ ಈ ತಾಪತ್ರಯವಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅವಕ್ಕೆ ಒಂದೇ ವೇಗ. ಒಂದೇ ವೇಗಕ್ಕೆ ಕಡೆದ ಒಂದೇ ಕ್ಯಾಮ್ ಸಾಕು. ತೊಂದರೆ ಬರುವುದು ಕಾರಿನದು. ಗಂಗಾವತಿಯ ಪೇಟೆಯಲ್ಲಿ ಎಮ್ಮೆ ಅಡ್ಡ ಬಂದರೆ ನಿಲ್ಲಬೇಕು, ಹೆದ್ದಾರಿಗೆ ಬಿದ್ದರೆ ಹಾರಬೇಕು. ಎರಡಕ್ಕೂ ಹೊಂದುವ ಕ್ಯಾಮ್ ಇಲ್ಲ. ಹೀಗಾಗಿ ಎಂಜಿನ್ ಮಾಡುವವರು ಎರಡಕ್ಕೂ ಪೂರ್ತಿ ಒಗ್ಗದ ನಡುವಿನದೊಂದನ್ನು ಕಡೆದು ಕೊಡುತ್ತ ಬಂದರು.

ಉಸ್ತಾದರ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ಇದನ್ನೆಲ್ಲ ಕೇಳುತ್ತಿದ್ದಾಗ ನನಗೆ ನೆನಪಾದದ್ದು ಕೊಪ್ಪಳದ ರೈಲು ನಿಲ್ದಾಣ.

ನಾನು ಸಣ್ಣವನಿದ್ದಾಗ ಆ ದಾರಿ ಮೀಟರ್ ಗೇಜು, ಎಳೆಯುತ್ತಿದ್ದುದು ಉಗಿ ಎಂಜಿನ್. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಆ ದಶಕದಲ್ಲೇ ಗದಗಿನಿಂದ ಹೊಸಪೇಟೆಯ ಕಡೆಗೆ ಹಾಕಿದ ಹಳಿ ಅದು. ಆಗ ಕೊಪ್ಪಳ ನಿಜಾಮರ ಸೀಮೆಯಲ್ಲಿ ಸಾಲಾರ್ ಜಂಗ್ ಮನೆತನದ ಜಾಗೀರು. ಮುನಿರಾಬಾದ್ ದಾಟಿ ಹೊಳೆಯಾಚೆ ಹೋದರೆ ಬ್ರಿಟಿಷರ ಮದ್ರಾಸು ಪ್ರಾಂತ. ಹಳಿಗೆ ಈ ಗಡಿಗಳ ಗೊಡವೆ ಇರಲಿಲ್ಲ. ಭಾನಾಪುರದಿಂದ ಬಂದ ಗಾಡಿ ಕೊಪ್ಪಳದಲ್ಲಿ ನಿಂತು ನೀರು ಕುಡಿದು ಗಿಣಿಗೇರಾದ ಕಡೆ ಹೊರಡುವಾಗಿನ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಮೊದಲು ಒಂದೊಂದಾಗಿ, ಎದೆಗೆ ಗುದ್ದಿದಂತೆ ಭುಸ್... ಭುಸ್... ಎನ್ನುತ್ತಿತ್ತು. ಸ್ವಲ್ಪ ವೇಗ ಬಂದ ಮೇಲೆ ಇದ್ದಕ್ಕಿದ್ದಂತೆ ಸದ್ದು ಮೆತ್ತಗಾಗುತ್ತಿತ್ತು, ಆದರೆ ಗಾಡಿಯ ಓಟ ಮಾತ್ರ ಹೆಚ್ಚುತ್ತಲೇ ಇರುತ್ತಿತ್ತು. ಇದೇನು ಮಾಯೆ ಎಂದು ಹುಡುಗರಾದ ನಮಗೆ ಬೆರಗು.

ಮಾಯೆಯನ್ನು ಬಿಡಿಸಿದವರು ಬಹಳ ವರ್ಷಗಳ ಮೇಲೆ ನಮ್ಮ ಓಣಿಗೆ ಬಾಡಿಗೆಗೆ ಬಂದ ಒಬ್ಬ ನಿವೃತ್ತ ಫೈರ್‌ಮನ್. ಡ್ರೈವರ್ ನಿಲ್ಲುವ ಜಾಗದಲ್ಲಿ ಒಂದು ಲಿವರ್ ಇಲ್ಲವೇ ತಿರುಗಿಸುವ ಚಕ್ರ ಇರುತ್ತಿತ್ತಂತೆ. ಹೆಸರಿಗೆ ಅದು ಗಾಡಿಯನ್ನು ಹಿಂದೆ ಮುಂದೆ ಓಡಿಸುವುದಕ್ಕೆ. ನಿಜವಾದ ಉಪಯೋಗ ಓಟದ ನಡುವೆ. ಹೊರಡುವಾಗ ಪಿಸ್ಟನ್ನಿನ ಹಾದಿಯ ಮುಕ್ಕಾಲು ಭಾಗದವರೆಗೆ ಉಗಿ ಬಿಡಬೇಕು, ಆಗಲೇ ಅಷ್ಟು ಡಬ್ಬಿಗಳು ಕದಲುವುದು. ಓಟ ಹತ್ತಿದ ಮೇಲೆ ಲಿವರನ್ನು ನಡುವಿಗೆ ತರುತ್ತ ಬಂದರೆ ಹಾದಿಯ ಕಾಲು ಭಾಗಕ್ಕೇ ಉಗಿಯ ಬಾಗಿಲು ಮುಚ್ಚುತ್ತದೆ. ಒಳಗೆ ಸಿಕ್ಕ ಉಗಿ ತಾನೇ ಹಿಗ್ಗಿ ಉಳಿದ ಕೆಲಸ ಮಾಡುತ್ತದೆ. ಕಲ್ಲಿದ್ದಲು ಉಳಿಯುತ್ತದೆ, ನೀರು ಉಳಿಯುತ್ತದೆ, ಚಿಮಣಿಯ ಸದ್ದು ಇಳಿಯುತ್ತದೆ. "ಅದನ್ನ ಹದಾ ನೋಡಿ ಎಳಿಯಾವ್ನ ಛಲೋ ಡ್ರೈವರ್ ರೀ. ತಿಳೀದಾಂವ ಬಂದ್ರ ನನ್ನ ಸಲಿಕಿಗೆ ಬಿಡುವ ಇರ್ತಿದ್ದಿಲ್ಲ" ಎಂದಿದ್ದರು.

ಅಂದರೆ ವಾಲ್ವ್ ತೆರೆಯುವ ಹೊತ್ತನ್ನು ಓಟಕ್ಕೆ ತಕ್ಕಂತೆ ಬದಲಿಸುವ ಕೆಲಸ ಕೊಪ್ಪಳದಲ್ಲಿ ನೂರು ವರ್ಷ ದಿನಾಲೂ ನಡೆದಿತ್ತು. ಪ್ಲಾಟ್‌ಫಾರ್ಮಿನಲ್ಲಿ ಕಡಲೆ ತಿನ್ನುತ್ತ ನಿಂತವರೆಲ್ಲ ಅದನ್ನು ಕಿವಿಯಲ್ಲಿ ಕೇಳಿದ್ದರು, ಹೆಸರು ಗೊತ್ತಿರಲಿಲ್ಲ ಅಷ್ಟೆ. ಉಗಿ ಮತ್ತು ಪೆಟ್ರೋಲ್ ಎಂಜಿನ್ನುಗಳ ವಾಲ್ವುಗಳ ರಚನೆ ಬೇರೆ ನಿಜ, ಆದರೆ ಬಾಗಿಲನ್ನು ಯಾವಾಗ ಮುಚ್ಚಬೇಕು ಎಂಬ ಪ್ರಶ್ನೆ ಒಂದೇ.

ಆ ಲಿವರಿನ ಕೆಳಗಿದ್ದ ಏರ್ಪಾಟು ರೂಪುಗೊಂಡದ್ದು 1842ರಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ರಾಬರ್ಟ್ ಸ್ಟೀಫನ್‌ಸನ್ ಕಂಪನಿಯ ಕಾರ್ಖಾನೆಯಲ್ಲಿ. ಯೋಚನೆ ನಕ್ಷೆ ಬರೆಯುವ ವಿಲಿಯಂ ವಿಲಿಯಮ್ಸ್‌ನದು. ಅದನ್ನು ಕೆಲಸಕ್ಕೆ ಬರುವಂತೆ ಮಾಡಿದವನು ಅಚ್ಚು ಮಾಡುವ ಕೆಲಸಗಾರ ವಿಲಿಯಂ ಹೋ. ಲೋಕ ಅದನ್ನು ಕರೆಯುವುದು ಮಾತ್ರ ಸ್ಟೀಫನ್‌ಸನ್ ವಾಲ್ವ್ ಗೇರ್ ಎಂದು. ಎರಡು ವರ್ಷದ ಮೇಲೆ ಬೆಲ್ಜಿಯಂನ ವಾಲ್‌ಶಾರ್ಟ್ ಎಂಬ ರೈಲ್ವೆ ಮೆಕ್ಯಾನಿಕ್ ಇನ್ನೊಂದು ಬಗೆಯದನ್ನು ಮಾಡಿದ. ಸ್ವಾತಂತ್ರ್ಯದ ನಂತರ ಬಂದ ನಮ್ಮ ಮೀಟರ್ ಗೇಜಿನ ವೈಪಿ ಎಂಜಿನ್ನುಗಳ ಚಕ್ರದ ಪಕ್ಕದಲ್ಲಿ ಮೊಣಕೈಯಂತೆ ಆಡುತ್ತಿದ್ದ ಸಲಾಕೆಗಳು ಅವನವೇ. ಗ್ಯಾರೇಜುಗಳಲ್ಲಿ ಗ್ರೀಸ್ ಮೆತ್ತಿದ ಕೈಗಳು ಕಂಡುಹಿಡಿಯುವ ಎಷ್ಟೋ ಉಪಾಯಗಳಿಗೆ ಇನ್ಯಾರದೋ ಹೆಸರು ಬರುವುದು ಹೊಸದೇನಲ್ಲ, ಗಂಗಾವತಿಗೆ ಮಾತ್ರ ಸೇರಿದ್ದೂ ಅಲ್ಲ.

ಹಾಗಾದರೆ ಪೆಟ್ರೋಲ್ ಕಾರು ಈ ವಿದ್ಯೆಯನ್ನು ಕಳಕೊಂಡದ್ದು ಹೇಗೆ? ಮೊಟ್ಟಮೊದಲ ಕಾರುಗಳ ಒಳವಾಲ್ವಿಗೆ ಕ್ಯಾಮ್ ಇರಲೇ ಇಲ್ಲ. ತೆಳ್ಳನೆಯ ಸ್ಪ್ರಿಂಗಿನ ವಾಲ್ವ್, ಪಿಸ್ಟನ್ ಎಳೆದಾಗ ಹೀರುವ ಬಲಕ್ಕೆ ತಾನೇ ತೆರೆದುಕೊಳ್ಳುತ್ತಿತ್ತು. ಆದರೆ ವೇಗ ಹೆಚ್ಚಿದಂತೆ ಅದಕ್ಕೆ ಹೆಜ್ಜೆ ಹಾಕಲಾಗುತ್ತಿರಲಿಲ್ಲ. 20ನೇ ಶತಮಾನದ ಆರಂಭದ ವರ್ಷಗಳಲ್ಲಿ ಎಲ್ಲರೂ ಕ್ಯಾಮಿಗೆ ಬಂದರು, ಬಂದು ಅಲ್ಲೇ ನಿಂತರು. ಉಗಿ ಎಂಜಿನ್ನಿನ ದೊಡ್ಡ ಸಲಾಕೆಗಳ ಏರ್ಪಾಟನ್ನು ಸೆಕೆಂಡಿಗೆ ಇಪ್ಪತ್ತೈದು ಸಲ ತೆರೆದು ಮುಚ್ಚುವ ಪುಟ್ಟ ವಾಲ್ವಿನ ಮೇಲೆ ಕೂರಿಸುವುದು ಸುಲಭವಿರಲಿಲ್ಲ. ಪೆಟ್ರೋಲ್ ಅಗ್ಗವಾಗಿದ್ದಷ್ಟು ದಿನ ಆ ಕಷ್ಟ ಪಡುವ ತುರ್ತೂ ಇರಲಿಲ್ಲ.

ತುರ್ತು ಹುಟ್ಟಿಸಿದವು 1970ರ ದಶಕದ ಎರಡು ಸಂಗತಿಗಳು. ಅಮೆರಿಕ 1970ರಲ್ಲಿ ಹೊಗೆಯ ಮೇಲೆ ಬಿಗಿ ಕಾನೂನು ತಂದಿತು. 1973ರಲ್ಲಿ ಅರಬ್ ದೇಶಗಳು ತೈಲ ತಡೆದವು. ಕಡಿಮೆ ಹೊಗೆ, ಕಡಿಮೆ ಪೆಟ್ರೋಲ್, ಆದರೆ ಅಷ್ಟೇ ಶಕ್ತಿ ಎಂಬ ಬೇಡಿಕೆಗೆ ನಡುವಿನ ಕ್ಯಾಮ್ ಉತ್ತರವಾಗಲಿಲ್ಲ. ಇಟಲಿಯ ಆಲ್ಫಾ ರೋಮಿಯೋ 1980ರಲ್ಲಿ ಅಮೆರಿಕಕ್ಕೆ ಕಳಿಸುವ ತನ್ನ ಸ್ಪೈಡರ್ ಕಾರಿಗೆ ಕ್ಯಾಮ್‌ಶಾಫ್ಟನ್ನೇ ಓಟದಲ್ಲಿ ತುಸು ಹಿಂದೆ ಮುಂದೆ ಹೊರಳಿಸುವ ಸಾಧನ ಹಾಕಿತು. ಮಾರಾಟಕ್ಕೆ ಬಂದ ಕಾರುಗಳಲ್ಲಿ ಅದೇ ಮೊದಲನೆಯದು. ಜಪಾನಿನ ಹೋಂಡಾ ಬೇರೆ ದಾರಿ ಹಿಡಿಯಿತು. ಒಂದೇ ಶಾಫ್ಟಿನ ಮೇಲೆ ಎರಡು ಬಗೆಯ ಉಬ್ಬು. ನಿಧಾನಕ್ಕೆ ಸಣ್ಣದು, ವೇಗಕ್ಕೆ ದೊಡ್ಡದು. ಒಂದರಿಂದ ಇನ್ನೊಂದಕ್ಕೆ ಹಾರಲು ಆಯಿಲ್ ಒತ್ತಡದಿಂದ ಸರಿಯುವ ಪುಟ್ಟ ಪಿನ್ನು. 1989ರಲ್ಲಿ ಇಂಟೆಗ್ರಾ ಕಾರಿನಲ್ಲಿ ಬಂದ ಈ ಎಂಜಿನ್ 1.6 ಲೀಟರಿನಿಂದ 160 ಕುದುರೆ ಶಕ್ತಿ ಕೊಟ್ಟಿತು. ನಮ್ಮಲ್ಲಿ ಆಗ ಅಂಬಾಸಿಡರ್‌ಗೆ ಕಾಯುವ ಪಟ್ಟಿ ಇತ್ತು.

ನಮ್ಮ ದೇಶದ ಕಥೆಯೇ ಬೇರೆ. ಇಲ್ಲಿ ಹಳೆಯ ಕಾರಿಗೆ ಹೊಸ ಎಂಜಿನ್ ಹಾಕುವ ಕೆಲಸವನ್ನು ಶೋಕಿದಾರರಿಗಿಂತ ಮೊದಲು ಕಂಪನಿಗಳೇ ಮಾಡಿದವು. ಲೈಸೆನ್ಸ್ ಪರ್ಮಿಟ್ ಕಾಲದಲ್ಲಿ ಹೊಸ ಕಾರಿನ ಅಚ್ಚು ತರುವುದು ಕಷ್ಟ, ಎಂಜಿನ್ ತರುವುದು ತುಸು ಸುಲಭ. 1950ರ ದಶಕದ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಮೈ ಹೊತ್ತ ಅಂಬಾಸಿಡರ್ ಅದೇ ಮೈಯಲ್ಲಿ ಡೀಸೆಲ್ ಎಂಜಿನ್ ಹೊತ್ತಿತು, 1990ರ ದಶಕದಲ್ಲಿ ಜಪಾನಿನ ಇಸುಜು ಎಂಜಿನ್ ಹೊತ್ತಿತು. ಪ್ರೀಮಿಯರ್ 118ಎನ್‌ಇಯ ಮೈ ಫಿಯಟ್‌ದು, ಎಂಜಿನ್ ನಿಸ್ಸಾನ್‌ದು. ಮಾಮಾನ ಎಸ್ಟೀಮ್ ಕೂಡ ಇದೇ ಸಾಲಿನದು. 1990ರಲ್ಲಿ ಬಂದ ಮಾರುತಿ 1000ಕ್ಕೆ ಒಂದು ಲೀಟರಿಗೂ ಕಡಿಮೆಯ ಎಂಜಿನ್ ಇತ್ತು. ಅದೇ ಮೈಗೆ 1.3 ಲೀಟರಿನದು ಕೂರಿಸಿದಾಗ ಎಸ್ಟೀಮ್ ಆಯಿತು.

ಊರ ಗ್ಯಾರೇಜುಗಳೂ ಹಿಂದೆ ಬೀಳಲಿಲ್ಲ. ಪೆಟ್ರೋಲ್ ಅಂಬಾಸಿಡರ್, ಪೆಟ್ರೋಲ್ ಜೀಪುಗಳ ಎಂಜಿನ್ ಇಳಿಸಿ ಡೀಸೆಲ್ ಏರಿಸುವುದು ನಮ್ಮ ಕಡೆ ಒಂದು ಕಾಲಕ್ಕೆ ಮನೆಗೆ ಸುಣ್ಣ ಬಳಿದಷ್ಟೇ ಸಾಮಾನ್ಯವಾಗಿತ್ತು. ನಮ್ಮ ಉಸ್ತಾದರೇ ಲೆಕ್ಕ ಇಡದಷ್ಟು ಮಾಡಿದ್ದಾರೆ. ಆ ಗಾಡಿಗಳು ಕೂಗುತ್ತಿದ್ದವು, ನಡುಗುತ್ತಿದ್ದವು, ಹೊಗೆಯುಗುಳುತ್ತಿದ್ದವು. ಆದರೆ ಮದುವೆ ದಿಬ್ಬಣದ ಹದಿನೈದು ಜನರನ್ನು ಹೊತ್ತು ಯಲಬುರ್ಗಾಕ್ಕೆ ಹೋಗಿ ಬಂದರೂ ಖರ್ಚು ಅರ್ಧ. ನಮ್ಮ ಸೀಮೆಯಲ್ಲಿ ಎಂಜಿನ್ ಬದಲಿಸಿದವರು ಯಾರೂ ವೇಗಕ್ಕಾಗಿ ಬದಲಿಸಿದ್ದನ್ನು ನಾನು ಕಂಡಿಲ್ಲ. ಬದಲಿಸಿದ್ದು ಎಣ್ಣೆಯ ಲೆಕ್ಕಕ್ಕಾಗಿ. ಉಗಿ ಎಂಜಿನ್ನಿನ ಫೈರ್‌ಮನ್ ಎಣಿಸುತ್ತಿದ್ದ ಸಲಿಕೆಯ ಲೆಕ್ಕವೂ ಇದೇ ಅಲ್ಲವೇ.

ಭಾರತದ ರಸ್ತೆಗೆ ಈ ವಿದ್ಯೆ ದೊಡ್ಡ ರೀತಿಯಲ್ಲಿ ಬಂದದ್ದು ಹೋಂಡಾ ಸಿಟಿಯಿಂದ. 1998ರಲ್ಲಿ ಇಲ್ಲಿಗೆ ಬಂದಿದ್ದ ಅದೇ ಕಾರಿಗೆ 2000ದಲ್ಲಿ ವಿಟೆಕ್ ಎಂಜಿನ್ ಹಾಕಿದರು, 106 ಕುದುರೆ ಶಕ್ತಿ. ಕೊಪ್ಪಳದಲ್ಲಿ ಅದನ್ನು ನಾನು ಮೊದಲು ನೋಡಿದ್ದು ಒಬ್ಬ ಗ್ರಾನೈಟ್ ವ್ಯಾಪಾರಿಯ ಮನೆಯ ಮುಂದೆ. ಎಲ್ಲರ ಮನೆಯ ಮುಂದೆ ಬರಲು ಇನ್ನೂ ಹತ್ತು ವರ್ಷ ಬೇಕಾಯಿತು, ಮತ್ತು ಅದು ಬಂದ ದಾರಿ ಮಾಮಾನ ಕಾರಿಗೆ ಹತ್ತಿರದ್ದು. 2005ರಲ್ಲಿ ಬಂದ ಸ್ವಿಫ್ಟಿಗೆ ಮೊದಲು ಹಾಕಿದ್ದು ಎಸ್ಟೀಮ್ ವಂಶದ 1.3 ಲೀಟರ್ ಎಂಜಿನ್ನನ್ನೇ. ಮರುವರ್ಷದ ಕೇಂದ್ರ ಬಜೆಟ್ಟು 1,200 ಸಿಸಿಯೊಳಗಿನ ಸಣ್ಣ ಪೆಟ್ರೋಲ್ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿತು. 2010ರಲ್ಲಿ ಸ್ವಿಫ್ಟಿಗೆ 1.2 ಲೀಟರಿನ ಕೆ ಸರಣಿಯ ಎಂಜಿನ್ ಬಂತು. 2011ರಲ್ಲಿ ಅದೇ ಎಂಜಿನ್ನಿಗೆ ವಿವಿಟಿ ಸೇರಿತು. ಶಕ್ತಿ ಹೆಚ್ಚಿದ್ದು 85ರಿಂದ 87ಕ್ಕೆ, ಎರಡೇ ಎರಡು. ಜಾಹೀರಾತಿನ ಗದ್ದಲ ನೋಡಿದವರಿಗೆ ಇದು ನಿರಾಸೆ ಅನಿಸಬಹುದು. ಆದರೆ ವಿವಿಟಿಯ ಗಳಿಕೆ ಆ ತುದಿಯ ಅಂಕಿಯಲ್ಲಿ ಕಾಣುವುದಿಲ್ಲ. ಕೆಳಗಿನ ವೇಗದ ಎಳೆತದಲ್ಲಿ, ಮೈಲೇಜಿನಲ್ಲಿ, ಹೊಗೆಯಲ್ಲಿ ಇರುತ್ತದೆ.

ಹೀಗಾಗಿ ಮಾಮಾನ ಮಗನ ಯೋಚನೆ ಹುಚ್ಚಿನದಾಗಿರಲಿಲ್ಲ. ಕಂಪನಿ ನಡೆದ ದಾರಿಯಲ್ಲೇ ಅವನು ನಡೆಯಲು ಹೊರಟಿದ್ದ. ಬೆಂಗಳೂರಿನ ಶಿವಾಜಿನಗರದಲ್ಲಿ ಹಳೆಯ ಎಂಜಿನ್ ವಿಚಾರಿಸಿಯೂ ಇಟ್ಟಿದ್ದ.

ಉಸ್ತಾದರು ಬೆರಳು ಮಡಚಿದರು. ವಿವಿಟಿಯಲ್ಲಿ ಕ್ಯಾಮ್‌ಶಾಫ್ಟಿನ ತುದಿಯ ಹಲ್ಲುಗಾಲಿಯೊಳಗೆ ಆಯಿಲ್ ತುಂಬುವ ಕೋಣೆಗಳಿರುತ್ತವೆ. ಒಂದು ಕಡೆ ಆಯಿಲ್ ನೂಕಿದರೆ ಶಾಫ್ಟು ಮುಂದೆ ಹೊರಳುತ್ತದೆ, ಇನ್ನೊಂದು ಕಡೆ ನೂಕಿದರೆ ಹಿಂದೆ. ನೂಕುವ ವಾಲ್ವನ್ನು ಕಂಪ್ಯೂಟರ್ ನಡೆಸುತ್ತದೆ. ಕಂಪ್ಯೂಟರಿಗೆ ಕ್ರ್ಯಾಂಕ್ ಎಲ್ಲಿದೆ, ಕ್ಯಾಮ್ ಎಲ್ಲಿದೆ ಎಂದು ಹೇಳುವ ಸೆನ್ಸರುಗಳು ಬೇಕು. ಆಯಿಲ್ ಹೋಗುವ ಸಣ್ಣ ದಾರಿಗಳನ್ನು ಹೆಡ್ ಎರಕ ಹೊಯ್ಯುವಾಗಲೇ ಇಟ್ಟಿರಬೇಕು. ಮಾಮಾನದು ಕಾರ್ಬ್ಯುರೇಟರ್ ಗಾಡಿ, ಅದರಲ್ಲಿ ಕಂಪ್ಯೂಟರೇ ಇಲ್ಲ. ಹಾಗಾಗಿ ಎಂಜಿನ್ ಜೊತೆಗೆ ವೈರಿಂಗ್, ಪೆಟ್ರೋಲ್ ಪಂಪು, ಕಂಪ್ಯೂಟರ್, ಎಂಜಿನ್ ಕೂರುವ ಕಿವಿಗಳು, ಆ್ಯಕ್ಸಲ್ ಎಲ್ಲ ಬದಲು. "ಮಾಡ್‌ಬಹುದು. ಮಾಡಿದ ಮ್ಯಾಲ ಉಳಿಯೋದು ಬಾಗಲಾ, ಸೀಟು ಅಷ್ಟ."

ಎರಕದ ಮಾತು ಬಂದಾಗ ನನಗೊಂದು ಸೋಜಿಗ. ಗಿಣಿಗೇರಾ ಬಳಿಯ ಬೇವಿನಹಳ್ಳಿಯಲ್ಲಿ 1990ರ ದಶಕದಿಂದ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆ ಇದೆ. ಟ್ರ್ಯಾಕ್ಟರು ಮತ್ತಿತರ ವಾಹನಗಳ, ಡೀಸೆಲ್ ಎಂಜಿನ್ನುಗಳ ಸಿಲಿಂಡರ್ ಬ್ಲಾಕು, ಹೆಡ್ಡುಗಳ ಎರಕ ಅಲ್ಲಿ ಆಗುತ್ತದೆ. ನಮ್ಮ ಹೊಲದಲ್ಲಿ ಉಳುವ ಎಷ್ಟೋ ಟ್ರ್ಯಾಕ್ಟರುಗಳ ಎದೆಗೂಡು ಕೊಪ್ಪಳದಲ್ಲೇ ಹುಟ್ಟಿರಬಹುದು. ವಾಲ್ವುಗಳಿಗೆ ಮನೆ ಕಟ್ಟಿಕೊಡುವ ಜಿಲ್ಲೆಯಲ್ಲಿ ಕೂತು ನಾವು ಬೆಂಗಳೂರಿನ ಗುಜರಿಯತ್ತ ನೋಡುತ್ತಿದ್ದೆವು.

ಇನ್ನು ಕಾನೂನು. ನೋಂದಣಿ ಪುಸ್ತಕದಲ್ಲಿ ಚಾಸಿ ಸಂಖ್ಯೆಯ ಪಕ್ಕದಲ್ಲೇ ಎಂಜಿನ್ ಸಂಖ್ಯೆಯೂ ಇರುತ್ತದೆ, ಯಾವ ಎಣ್ಣೆ, ಎಷ್ಟು ಸಿಸಿ ಎಂಬುದೂ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಆ ವಿವರಗಳನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಪ್ರಕರಣದಲ್ಲಿ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಸಲ್ಲದು ಎಂದು ಬಿಗಿಯಾಗಿಯೇ ಹೇಳಿದೆ. ಉಸ್ತಾದರು ಒಂದು ಕಾಲಕ್ಕೆ ರಾತ್ರೋರಾತ್ರಿ ಡೀಸೆಲ್ ಏರಿಸಿದವರು. ಈಗ ಕೈ ಮುಗಿದುಬಿಡುತ್ತಾರೆ. ಅವರ ಕೌಶಲಕ್ಕೆ ಬೀಗ ಬಿದ್ದದ್ದು ನನಗೆ ಕೆಡುಕೆನಿಸುತ್ತದೆ, ಆದರೆ ಯಾರೋ ಜೋಡಿಸಿದ ಎಂಜಿನ್ನಿನ ಗಾಡಿ ಎದುರಿಗೆ ನೂರರ ವೇಗದಲ್ಲಿ ಬರುವಾಗ ಕಾನೂನು ಇರುವುದೇ ಒಳ್ಳೆಯದೆನಿಸುತ್ತದೆ. ಎರಡೂ ಒಟ್ಟಿಗೆ ಅನಿಸುವುದರಲ್ಲಿ ತಪ್ಪೇನಿಲ್ಲ.

ಮಾಮಾ ಅಷ್ಟೂ ಹೊತ್ತು ಮಾತಾಡದೆ ಕೂತಿದ್ದ. ಕೊನೆಗೆ, "ಹೆಡ್ ಇಳಿಸಿ ಏನೈತಿ ನೋಡ್ರಿ ಉಸ್ತಾದ್. ಇದ್ದದ್ದನ್ನ ನೆಟ್ಟಗ ಮಾಡ್ರಿ" ಅಂದ.

ನಾಲ್ಕು ದಿನದ ಮೇಲೆ ಉಸ್ತಾದರ ಫೋನು. ಇಬ್ಬರೂ ಬರ್ರಿ, ಒಂದು ಸಾಮಾನು ತೋರಸ್ತೀನಿ ಅಂದರು. ಹೋದೆವು. ಹೆಡ್ಡು ಇನ್ನೂ ಇಳಿಸಿರಲಿಲ್ಲ. ಟೈಮಿಂಗ್ ಬೆಲ್ಟಿನ ಮುಚ್ಚಳ ಮಾತ್ರ ತೆಗೆದಿಟ್ಟಿದ್ದರು. ಕ್ರ್ಯಾಂಕಿನ ಗುರುತನ್ನು ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿ, ಟಾರ್ಚು ಹಿಡಿದು ಮೇಲಿನ ಕ್ಯಾಮ್ ಪುಲ್ಲಿಯ ಗುರುತನ್ನು ತೋರಿಸಿದರು. ಅದು ಇರಬೇಕಾದಲ್ಲಿ ಇರಲಿಲ್ಲ. ಒಂದು ಹಲ್ಲು ಹಿಂದೆ ಬಿದ್ದಿತ್ತು.

ಕ್ಯಾಮ್ ಪುಲ್ಲಿಗೆ ನಲವತ್ತು ಹಲ್ಲು ಎಂದಿಟ್ಟುಕೊಂಡರೆ ಒಂದು ಹಲ್ಲೆಂದರೆ ಕ್ರ್ಯಾಂಕಿನ ಲೆಕ್ಕದಲ್ಲಿ ಹದಿನೆಂಟು ಡಿಗ್ರಿ. ಅಷ್ಟು ತಡವಾಗಿ ತೆರೆದು ಅಷ್ಟು ತಡವಾಗಿ ಮುಚ್ಚುವ ವಾಲ್ವುಗಳು. ಖಾಲಿ ಬಸ್ಸಿನ ಬಾಗಿಲನ್ನು ಬಿಟ್ಟುಕೊಂಡು ನಿಂತ ಕಂಡಕ್ಟರ್. ಏರಿನಲ್ಲಿ ಬಂದ ಗಾಳಿಯೆಲ್ಲ ವಾಪಸು ಹೋಗುತ್ತಿತ್ತು. ಮಾಮಾ ನೆನಪು ಮಾಡಿಕೊಂಡ. ಬೆಲ್ಟು ಬದಲಿಸಿದ್ದು 2012ರಲ್ಲಿ, ದೂರದ ಊರಿಗೆ ಹೋದಾಗ ದಾರಿಯಲ್ಲೆಲ್ಲೋ. ಕಾರು ಎಳೆಯುವುದು ಬಿಟ್ಟದ್ದೂ ಆ ಸುಮಾರಿಗೇ. ಅಷ್ಟು ವರ್ಷ ಎಲ್ಲರೂ ಅದರ ವಯಸ್ಸನ್ನು ಬೈದಿದ್ದೆವು.

"ಈ ಗಾಡಿಗೆ ವಿವಿಟಿ ಆಗ್ಲೇ ಯಾರೋ ಹಾಕಿ ಬಿಟ್ಟಾರ ಸಾವ್ಕಾರ್ರ, ಉಲ್ಟಾ ಹಾಕ್ಯಾರ" ಎಂದು ಉಸ್ತಾದರು ನಕ್ಕರು. ಮಾಮಾ ನಗಲಿಲ್ಲ. ಪುಲ್ಲಿಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಿದ್ದ. 2014ರಲ್ಲಿ ಅತ್ತಿಯನ್ನು ಹುಬ್ಬಳ್ಳಿಗೆ ಕರೆದೊಯ್ದ ರಾತ್ರಿ ಕಾರು ಏರಿನಲ್ಲಿ ತೇಕಿದ್ದನ್ನು ಆತ ಹಲವು ಸಲ ನನಗೆ ಹೇಳಿದ್ದ. ಅವತ್ತು ಆ ಮಾತು ತೆಗೆಯಲಿಲ್ಲ, ನಾನೂ ಕೇಳಲಿಲ್ಲ. ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ಮುಟ್ಟಿದ್ದರು ಎಂಬುದು ಇಬ್ಬರಿಗೂ ಗೊತ್ತಿತ್ತು.

ಹೆಡ್ಡು ಇಳಿಯಿತು. ಎಂಟು ವಾಲ್ವುಗಳನ್ನೂ ಉಜ್ಜಿ ಕೂರಿಸಿದರು, ಆಯಿಲ್ ಸೀಲುಗಳನ್ನು ಬದಲಿಸಿದರು, ನೀಲಿ ಹೊಗೆ ನಿಂತಿತು. ಹೊಸ ಬೆಲ್ಟು ಹಾಕುವಾಗ ಉಸ್ತಾದರು ಗುರುತುಗಳನ್ನು ಮೂರು ಸಲ ನೋಡಿದರು, ನಾಲ್ಕನೆಯ ಸಲ ಮಾಮಾನಿಗೂ ತೋರಿಸಿದರು. ಈಗಿನ ವಿವಿಟಿ ಓಟದಲ್ಲಿ ಕ್ಯಾಮನ್ನು ನಲವತ್ತು ಐವತ್ತು ಡಿಗ್ರಿಯವರೆಗೆ ಹೊರಳಿಸಬಲ್ಲದು. ಎಸ್ಟೀಮಿಗೆ ಸಿಕ್ಕಿದ್ದು ಒಂದು ಹಲ್ಲು.

ಕುಷ್ಟಗಿಗೆ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ. ತಳಕಲ್ಲಿನಲ್ಲಿ ಹಳೆಯ ದಾರಿಯಿಂದ ಕವಲೊಡೆದು ಯಲಬುರ್ಗಾ ಸೀಮೆ ಹಾಯ್ದು ಬರುವ ಹೊಸ ಹಳಿ. ದೀಪಾವಳಿಗೆ ಮಗ ಹುಬ್ಬಳ್ಳಿಯವರೆಗೆ ಬಂದು ಅಲ್ಲಿಂದ ಆ ಗಾಡಿ ಹತ್ತಿದ. ನಾನೂ ಮಾಮಾನೂ ನಿಲ್ದಾಣಕ್ಕೆ ಹೋಗಿದ್ದೆವು. ಗಾಡಿ ಭುಸುಗುಡದೆ ಬಂದು ನಿಂತಿತು. ಮಗ ಚೀಲ ಹಿಂದಿನ ಸೀಟಿಗೆ ಹಾಕಿ ಮುಂದೆ ಕೂತ. ಊರ ಹೊರಗಿನ ಏರು ಬಂದಾಗ ಮಾಮಾ ಗೇರು ಇಳಿಸಲಿಲ್ಲ, ಮೂರರಲ್ಲೇ ಇಟ್ಟ. ಮಗ ಒಂದು ಸಲ ಗೇರಿನ ಕಡೆ, ಒಂದು ಸಲ ಅಪ್ಪನ ಮುಖದ ಕಡೆ ನೋಡಿದ.

"ಇಂಜನ್ ಬದಲಿ ಮಾಡ್ಸಿದೆನಪಾ?"

"ಸುಮ್ನ ಕುಂದರು" ಅಂದ ಮಾಮಾ.